ಮಿರಗದ ನಕ್ಷತ್ರ ಎಲ್ಲಿರುತ್ತದೆ?



ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಾಗಲಿ, ಹಾನಗಲ್ಲು, ಶಿಗ್ಗಾಂವಿ, ಸವಣೂರು ಕಡೆಯ ಯಾವ ಹಳ್ಳಿಯಲ್ಲೇ ಆಗಲಿ, ಜೂನ್ ತಿಂಗಳ ಮೊದಲ ವಾರ ಮುಗಿಯುತ್ತ ಬಂತೆಂದರೆ ಹಿರಿಯರು ಒಂದು ಮಾತು ಹೇಳುತ್ತಾರೆ: "ಮಿರಗ ಕೂಡ್ತು, ಇನ್ನ ಕೂರಿಗಿ ಹೂಡೂದ." ಮಿರಗ ಎಂದರೆ ಮೃಗಶಿರಾ. ಅದಕ್ಕೆ ಮೊದಲು ರೋಹಿಣಿ, ಅದರ ಹಿಂದೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಉತ್ತರಾ. ಗೋವಿನಜೋಳ ಬಿತ್ತುವುದಿರಲಿ, ಹತ್ತಿ ಊರುವುದಿರಲಿ, ನಮ್ಮ ರೈತರ ಲೆಕ್ಕವೆಲ್ಲ ಈ ಹೆಸರುಗಳ ಮೇಲೆಯೇ ನಡೆಯುತ್ತದೆ.

ಈಗ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಮಿರಗ ಕೂಡಿದ ದಿನ ರಾತ್ರಿ ಮೋಡ ಸರಿದು ಆಕಾಶ ತಿಳಿಯಾಗಿದ್ದರೆ ಮನೆಯ ಮಾಳಿಗೆ ಹತ್ತಿ ಮೃಗಶಿರಾ ನಕ್ಷತ್ರವನ್ನು ಹುಡುಕಿರಿ. ಸಂಜೆಯಿಂದ ಬೆಳಗಿನವರೆಗೆ ಹುಡುಕಿದರೂ ಅದು ಸಿಗುವುದಿಲ್ಲ. ಯಾವ ನಕ್ಷತ್ರದ ಹೆಸರಿನಲ್ಲಿ ಮಳೆ ಬರುತ್ತಿದೆಯೋ ಆ ನಕ್ಷತ್ರವೇ ಆ ಎರಡು ವಾರ ಕಣ್ಣಿಗೆ ಬೀಳುವುದಿಲ್ಲ. ಯಾಕೆ? ಸೂರ್ಯ ಆಗ ಅದೇ ನಕ್ಷತ್ರದ ದಿಕ್ಕಿನಲ್ಲಿ ಇರುತ್ತಾನೆ. ಸೂರ್ಯನ ಜೊತೆಗೇ ಅದು ಹುಟ್ಟುತ್ತದೆ, ಸೂರ್ಯನ ಜೊತೆಗೇ ಮುಳುಗುತ್ತದೆ. ಇಡೀ ಹಗಲು ನಮ್ಮ ತಲೆಯ ಮೇಲೆಯೇ ಇದ್ದರೂ ಬಿಸಿಲಿನಲ್ಲಿ ಕಾಣುವುದಿಲ್ಲ.

ಮಳೆಯ ನಕ್ಷತ್ರ ಎಂಬ ಮಾತಿನ ಅರ್ಥ ಇಷ್ಟೆ: ಸೂರ್ಯ ಇಂದು ಯಾವ ನಕ್ಷತ್ರದ ಮುಂದೆ ನಿಂತಿದ್ದಾನೆ ಎಂಬುದು. ಅದು ತಾರೀಖು. ಮಳೆಯನ್ನು ಆ ನಕ್ಷತ್ರ ಸುರಿಸುವುದಿಲ್ಲ. ಅರಬ್ಬಿ ಸಮುದ್ರದ ಮೇಲಿಂದ ಬರುವ ನೈಋತ್ಯ ಮಾರುತ ಮಳೆಯನ್ನು ತರುತ್ತದೆ.

ಹಾಗಾದರೆ, ಕಾಣದ ನಕ್ಷತ್ರದ ಮುಂದೆ ಸೂರ್ಯ ನಿಂತಿದ್ದಾನೆ ಎಂದು ನಮ್ಮ ಹಿಂದಿನವರಿಗೆ ತಿಳಿದದ್ದು ಹೇಗೆ? ಅವರು ಹುಣ್ಣಿಮೆಯನ್ನು ನೋಡಿದರು. ಹುಣ್ಣಿಮೆಯ ದಿನ ಚಂದ್ರ ಸೂರ್ಯನಿಗೆ ಸರಿಯಾಗಿ ಎದುರಿಗೆ ಇರುತ್ತಾನೆ. ಡಿಸೆಂಬರ್ ಸುಮಾರಿಗೆ ಬರುವ ಹೊಸ್ತಿಲ ಹುಣ್ಣಿಮೆಯಂದು ಚಂದ್ರ ಮೃಗಶಿರಾ ನಕ್ಷತ್ರದ ಹತ್ತಿರ ಇರುತ್ತಾನೆ. ಆ ತಿಂಗಳಿಗೆ ಮಾರ್ಗಶಿರ ಎಂಬ ಹೆಸರು ಬಂದದ್ದು ಅದರಿಂದಲೇ. ಡಿಸೆಂಬರಿನಲ್ಲಿ ಸೂರ್ಯ ಅದಕ್ಕೆ ಎದುರಿಗಿದ್ದರೆ ಆರು ತಿಂಗಳು ಕಳೆದು ಜೂನಿನಲ್ಲಿ ಅದರ ಬಳಿಗೇ ಬರಬೇಕು. ಕಾಣುವುದನ್ನು ಹಿಡಿದುಕೊಂಡು ಕಾಣದ್ದನ್ನು ಲೆಕ್ಕದಿಂದ ಹಿಡಿಯುವುದು, ಇದೇ ಭೌತವಿಜ್ಞಾನದ ಕೆಲಸ. ನಮ್ಮ ಹಳ್ಳಿಯ ಮಳೆ ಲೆಕ್ಕದಲ್ಲಿ ಅದು ಆಗಲೇ ಕೂತಿದೆ. ಹೈಸ್ಕೂಲಿನ ಪುಸ್ತಕದಲ್ಲಿರುವ ಸಮೀಕರಣಗಳನ್ನು ಪರೀಕ್ಷೆಗೆಂದು ಉರು ಹೊಡೆಯುವ ಹುಡುಗ ಹುಡುಗಿಯರಿಗೆ ನಾನು ಇಂದು ಹೇಳಬೇಕೆಂದಿರುವುದು ಇದನ್ನೇ: ಆ ಸಮೀಕರಣಗಳು ನಿಮ್ಮ ಹೊಲದ ಮೇಲಿನ ಆಕಾಶಕ್ಕೆ ಸಂಬಂಧಪಟ್ಟವು. ಅವನ್ನು ಅಲ್ಲಿ ಹಚ್ಚಿ ನೋಡಿರಿ.

ಮೊದಲನೆಯ ಲೆಕ್ಕ ಬಹಳ ಸುಲಭ. ಸೂರ್ಯ ನಕ್ಷತ್ರಗಳ ನಡುವೆ ಒಂದು ಸುತ್ತು, ಅಂದರೆ 360 ಡಿಗ್ರಿ, ತಿರುಗಿದಂತೆ ಕಾಣಲು ಒಂದು ವರ್ಷ ಬೇಕು. ತಿರುಗುವವರು ನಾವು, ಆದರೆ ನಮಗೆ ಕಾಣುವುದು ಸೂರ್ಯ ಸರಿದಂತೆ. 365 ದಿನಕ್ಕೆ 360 ಡಿಗ್ರಿ, ಅಂದರೆ ದಿನಕ್ಕೆ ಒಂದು ಡಿಗ್ರಿಗಿಂತ ತುಸು ಕಡಿಮೆ. ಆ ಸುತ್ತನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ 13 ಡಿಗ್ರಿ ಮತ್ತು ಇನ್ನೊಂದರ ಮೂರನೆಯ ಒಂದು ಪಾಲು. ಅಷ್ಟನ್ನು ದಾಟಲು ಸೂರ್ಯನಿಗೆ ಸುಮಾರು ಹದಿಮೂರುವರೆ ದಿನ. ಒಂದು ಮಳೆಗೆ ಹದಿಮೂರು ಹದಿನಾಲ್ಕು ದಿನ ಎಂದು ಹಿರಿಯರು ಹೇಳುವುದು ಈ ಭಾಗಾಕಾರದ ಉತ್ತರ.

ಆದರೆ ಹದಿಮೂರೋ ಹದಿನಾಲ್ಕೋ? ಇಲ್ಲಿ ಒಂದು ಸೊಗಸಾದ ಸಂಗತಿ ಅಡಗಿದೆ. ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರನ್ನು ತೆಗೆದು ನೋಡಿರಿ. ಸೂರ್ಯ ಮೃಗಶಿರಾಕ್ಕೆ ಬರುವುದು ಜೂನ್ 8ರ ಸುಮಾರಿಗೆ, ಆರಿದ್ರಾಕ್ಕೆ ಜೂನ್ 22ರ ಸುಮಾರಿಗೆ, ಪುನರ್ವಸುವಿಗೆ ಜುಲೈ 6ರ ಸುಮಾರಿಗೆ. ಎಣಿಸಿದರೆ ಹದಿನಾಲ್ಕು, ಹದಿನಾಲ್ಕು. ಈಗ ಜನವರಿಗೆ ಬನ್ನಿರಿ. ಉತ್ತರಾಷಾಢಕ್ಕೆ ಬರುವುದು 11ರ ಸುಮಾರಿಗೆ, ಶ್ರವಣಕ್ಕೆ 24ರ ಸುಮಾರಿಗೆ, ಧನಿಷ್ಠಾಕ್ಕೆ ಫೆಬ್ರುವರಿ 6ರ ಸುಮಾರಿಗೆ. ಇಲ್ಲಿ ಹದಿಮೂರು, ಹದಿಮೂರು. ನಕ್ಷತ್ರಗಳಿಗೆ ಹಂಚಿದ ಪಾಲು ಎಲ್ಲ ಕಡೆ ಒಂದೇ ಅಳತೆ. ಆದರೂ ಮಳೆಗಾಲದಲ್ಲಿ ಸೂರ್ಯ ನಿಧಾನ, ಚಳಿಗಾಲದಲ್ಲಿ ಬಿರುಸು.

ಇದರ ಕಾರಣವನ್ನು ಯೋಹಾನೆಸ್ ಕೆಪ್ಲರ್ 1609ರಲ್ಲಿ ಪ್ರಕಟಿಸಿದ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ತುಸು ಚಪ್ಪಟೆಯಾದ ದೀರ್ಘವೃತ್ತ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ, ಸುಮಾರು 15.2 ಕೋಟಿ ಕಿಲೋಮೀಟರು. ಜನವರಿ ಮೊದಲ ವಾರದಲ್ಲಿ ಅತಿ ಹತ್ತಿರ, ಸುಮಾರು 14.7 ಕೋಟಿ. ದೂರ ಇದ್ದಾಗ ಭೂಮಿಯ ವೇಗ ಸೆಕೆಂಡಿಗೆ 29.3 ಕಿಲೋಮೀಟರು, ಹತ್ತಿರ ಇದ್ದಾಗ 30.3. ಈಗ ಪೆನ್ಸಿಲು ತೆಗೆದುಕೊಳ್ಳಿರಿ. 15.2ನ್ನು 29.3ರಿಂದ ಗುಣಿಸಿರಿ, 445 ಮತ್ತು ಚೂರು. 14.7ನ್ನು 30.3ರಿಂದ ಗುಣಿಸಿರಿ, ಅದೂ 445 ಮತ್ತು ಚೂರು. ದೂರವನ್ನು ವೇಗದಿಂದ ಗುಣಿಸಿದರೆ ಎರಡೂ ತುದಿಯಲ್ಲಿ ಒಂದೇ ಉತ್ತರ. ಕಾಲೇಜಿಗೆ ಹೋದ ಮೇಲೆ ಇದಕ್ಕೆ ಕೋನೀಯ ಸಂವೇಗದ ಸಂರಕ್ಷಣೆ ಎಂಬ ದೊಡ್ಡ ಹೆಸರು ಕಲಿಯುತ್ತೀರಿ. ಹೆಸರು ದೊಡ್ಡದಾದರೂ ವಿಷಯ ಇದೇ ಗುಣಾಕಾರ. ಆರಿದ್ರಾ ಮಳೆ ಹದಿನಾಲ್ಕು ದಿನ ಇರುವುದು ಈ ನಿಯಮದಿಂದ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಕೆಪ್ಲರನ ನಿಯಮ ವರ್ಷವರ್ಷ ಅಚ್ಚಾಗಿ ಬರುತ್ತಿದೆ. ಪಾಠ ಮಾಡುವಾಗ ಇದನ್ನು ಯಾರೂ ಮಕ್ಕಳಿಗೆ ತೋರಿಸದಿರುವುದು ನನಗೆ ಬಹಳ ನೋವಿನ ಸಂಗತಿ.

ಜೂನ್ ಜುಲೈನಲ್ಲಿ ನಾವು ಸೂರ್ಯನಿಂದ ಅತಿ ದೂರ ಇರುತ್ತೇವೆ ಎಂಬ ಮಾತು ಹಲವರಿಗೆ ಆಶ್ಚರ್ಯ ತರಬಹುದು. ಬೇಸಿಗೆ, ಚಳಿಗಾಲಗಳಿಗೆ ಕಾರಣ ದೂರ ಹತ್ತಿರಗಳಲ್ಲ. ಭೂಮಿಯ ಅಕ್ಷ ಇಪ್ಪತ್ತಮೂರುವರೆ ಡಿಗ್ರಿಯಷ್ಟು ವಾಲಿರುವುದು ಅದಕ್ಕೆ ಕಾರಣ.

ಈ ವಾಲಿದ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುತ್ತದೆ, ಅದನ್ನು ತಿಳಿಯಲು ಅಬಲೂರಿನ ಶಾಸನದ ಕಡೆಗೆ ಹೋಗಬೇಕು. ಸರ್ವಜ್ಞನ ಹೆಸರಿನೊಂದಿಗೆ ಜನ ನೆನೆಯುವ ಊರು ಅದು. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಶಿವಶರಣ ಏಕಾಂತದ ರಾಮಯ್ಯನ ಕಥೆ ಹೇಳುವ ದೊಡ್ಡ ಶಾಸನವಿದೆ. ಶಾಸನತಜ್ಞ ಜೆ.ಎಫ್. ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಸಂಪಾದಿಸಿಕೊಟ್ಟರು. ಅದರ ಕಾಲ ಸುಮಾರು ಕ್ರಿ.ಶ. 1200. ನಮ್ಮ ನಾಡಿನ ಶಾಸನಗಳಲ್ಲಿ ದಾನ ಕೊಟ್ಟ ದಿನವನ್ನು ಬರೆಯುವಾಗ ತಿಥಿ, ವಾರ, ಸಂಕ್ರಮಣ, ಗ್ರಹಣ ಎಲ್ಲವನ್ನೂ ಕಲ್ಲಿನ ಮೇಲೆ ಕೊರೆಸುವ ರೂಢಿಯಿತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಸಂಗಡಿಗರೊಂದಿಗೆ ಇಂಥ ಶಾಸನಗಳಲ್ಲಿಯ ಗ್ರಹಣಗಳನ್ನೂ ಆಕಾಶದ ಇತರ ಸಂಗತಿಗಳನ್ನೂ ಹುಡುಕಿ ತೆಗೆದಿದ್ದಾರೆ. ಗುಡಿಯ ಕಲ್ಲನ್ನು ವಿಜ್ಞಾನದ ದಾಖಲೆಯೆಂದು ಓದಿದ ಆ ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ.

ಅಬಲೂರಿನ ಶಾಸನ ಕೊರೆದ ಕಾಲಕ್ಕೂ ಇಂದಿಗೂ 800 ವರ್ಷಗಳ ಅಂತರ. ಆಗಲೂ ಮೃಗಶಿರಾ ಇದೇ ಹೊತ್ತಿಗೆ ಬರುತ್ತಿತ್ತೇ? ಇಲ್ಲ. ಲೆಕ್ಕ ನೋಡಿರಿ. ಋತುಗಳ ವರ್ಷಕ್ಕಿಂತ ನಕ್ಷತ್ರಗಳ ವರ್ಷ ಸುಮಾರು 20 ನಿಮಿಷ ಉದ್ದ. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಮತ್ತೆ ಅದೇ ನಕ್ಷತ್ರಕ್ಕೆ ಬರುವಷ್ಟರಲ್ಲಿ ಋತು 20 ನಿಮಿಷ ಮುಂದೆ ಹೋಗಿರುತ್ತದೆ. ಇಪ್ಪತ್ತನ್ನು 72ರಿಂದ ಗುಣಿಸಿದರೆ 1440. ಒಂದು ದಿನಕ್ಕಿರುವುದು 1440 ನಿಮಿಷ. ಅಂದರೆ 72 ವರ್ಷಕ್ಕೆ ಒಂದು ದಿನದ ವ್ಯತ್ಯಾಸ. 800ನ್ನು 72ರಿಂದ ಭಾಗಿಸಿದರೆ 11. ಏಕಾಂತದ ರಾಮಯ್ಯನ ಶಾಸನ ಕೊರೆಯುತ್ತಿದ್ದ ಕಾಲದಲ್ಲಿ ಸೂರ್ಯ ಮೃಗಶಿರಾ ನಕ್ಷತ್ರದ ಬಳಿಗೆ ಇಂದಿಗಿಂತ ಸುಮಾರು ಹನ್ನೊಂದು ದಿನ ಮೊದಲೇ, ಇಂದಿನ ಕ್ಯಾಲೆಂಡರಿನ ಮೇ ತಿಂಗಳ ಕೊನೆಯಲ್ಲೇ ಬರುತ್ತಿದ್ದ. ಹೆಚ್ಚು ಕಡಿಮೆ ಒಂದು ನಕ್ಷತ್ರದ ಅಂತರವೇ ಜಾರಿದೆ.

ಯಾಕೆ ಜಾರುತ್ತದೆ? ಭೂಮಿ ಪೂರ್ತಿ ದುಂಡಗಿಲ್ಲ. ಧ್ರುವದ ಕಡೆಯ ತ್ರಿಜ್ಯಕ್ಕಿಂತ ಸಮಭಾಜಕದ ಕಡೆಯ ತ್ರಿಜ್ಯ 21 ಕಿಲೋಮೀಟರು ಹೆಚ್ಚು. ಹೀಗೆ ಉಬ್ಬಿದ ನಡುಭಾಗವನ್ನು ಸೂರ್ಯನೂ ಚಂದ್ರನೂ ಎಳೆಯುತ್ತಾರೆ. ತಿರುಗುತ್ತಿರುವ ಭೂಮಿ ಆ ಎಳೆತಕ್ಕೆ ನೆಟ್ಟಗಾಗುವುದಿಲ್ಲ, ಅದರ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುತ್ತ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಗುರುತ್ವಾಕರ್ಷಣೆಯ ಒಂದೇ ನಿಯಮದಿಂದ ನ್ಯೂಟನ್ 1687ರಲ್ಲಿ ಇದನ್ನು ವಿವರಿಸಿದ. ಅದಕ್ಕೇ ನಕ್ಷತ್ರದ ಮಳೆಗಳ ಬಗ್ಗೆ ಹಳೆಯ ಗಾದೆ ಹೇಳುವಾಗ ಆ ಗಾದೆ ಎಷ್ಟು ಹಳೆಯದು ಎಂಬುದನ್ನೂ ಕೇಳಿಕೊಳ್ಳಬೇಕು. ಗಾದೆ ಹುಟ್ಟಿದಾಗ ಸರಿಯಾಗಿದ್ದ ಹೊತ್ತು ಈಗ ಕೆಲವು ದಿನ ಸರಿದಿರುತ್ತದೆ.

ಇನ್ನು ಬಣ್ಣದ ಮಾತು. ಜನವರಿ ರಾತ್ರಿ ಎಂಟು ಗಂಟೆಗೆ ಪೂರ್ವದ ಕಡೆ ಮುಖಮಾಡಿ ನಿಂತರೆ ಮೂರು ನಕ್ಷತ್ರಗಳು ಸಾಲಾಗಿ ಕಾಣುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಅದರ ಎಡಕ್ಕೆ ಕೆಂಪಗೆ ಉರಿಯುವುದು ಆರಿದ್ರಾ. ಮೂರು ನಕ್ಷತ್ರಗಳ ಸಾಲನ್ನು ಆಗ್ನೇಯದ ಕಡೆಗೆ ಎಳೆದರೆ ಸಿಗುವುದು ಆಕಾಶದಲ್ಲೆಲ್ಲ ಹೆಚ್ಚು ಹೊಳೆಯುವ ಲುಬ್ಧಕ, ನೀಲಿ ಬೆರೆತ ಬಿಳಿ. ಒಂದು ಯಾಕೆ ಕೆಂಪು, ಇನ್ನೊಂದು ಯಾಕೆ ಬಿಳಿ? ಈ ಪ್ರಶ್ನೆಗೆ ಕುಲುಮೆಯ ಮುಂದೆ ಕೂತ ಕಮ್ಮಾರ ಉತ್ತರ ಹೇಳಬಲ್ಲ. ಕಾಯಿಸಿದ ಕುಡ ಮೊದಲು ಮಬ್ಬು ಕೆಂಪು, ಮತ್ತಷ್ಟು ಕಾದರೆ ಕಿತ್ತಳೆ, ಆಮೇಲೆ ಹಳದಿ. ಬಣ್ಣ ನೋಡಿಯೇ ಅವನು ಕಾವು ಅಳೆಯುತ್ತಾನೆ.

ಕಮ್ಮಾರನ ಈ ತಿಳಿವಳಿಕೆಯನ್ನು ವಿಲ್‌ಹೆಲ್ಮ್ ವೀನ್ ಎಂಬ ವಿಜ್ಞಾನಿ 1893ರಲ್ಲಿ ಒಂದು ಸಣ್ಣ ಸಮೀಕರಣಕ್ಕೆ ಇಳಿಸಿದ. ವಸ್ತು ಯಾವ ತರಂಗಾಂತರದಲ್ಲಿ ಅತಿ ಹೆಚ್ಚು ಬೆಳಕು ಬೀರುತ್ತದೋ ಅದನ್ನು ಮೈಕ್ರೋಮೀಟರಿನಲ್ಲಿ ಬರೆದು, ಕೆಲ್ವಿನ್ ಮಾನದ ಉಷ್ಣತೆಯಿಂದ ಗುಣಿಸಿದರೆ ಯಾವಾಗಲೂ ಸುಮಾರು 2900. ಸೂರ್ಯನ ಮೇಲ್ಮೈ ಉಷ್ಣತೆ 5800. ಭಾಗಿಸಿದರೆ 0.5, ನಮ್ಮ ಕಣ್ಣಿಗೆ ಕಾಣುವ ಬೆಳಕಿನ ನಟ್ಟನಡುವೆ. ಲುಬ್ಧಕದ ಉಷ್ಣತೆ 9900ರ ಸುಮಾರು. ಭಾಗಿಸಿದರೆ 0.29, ನೇರಳೆಯಿಂದ ಆಚೆಗೆ. ಆರಿದ್ರಾದ ಉಷ್ಣತೆ ಸುಮಾರು 3500. ಭಾಗಿಸಿದರೆ 0.83, ಕೆಂಪಿನಿಂದ ಆಚೆಗೆ. ಕೆಂಪು ನಕ್ಷತ್ರ ತಂಪು, ಬಿಳಿ ನಕ್ಷತ್ರ ಬಿಸಿ. ಥರ್ಮಾಮೀಟರು ಅಲ್ಲಿಗೆ ಹೋಗಬೇಕಾಗಿಲ್ಲ.

ಇಲ್ಲಿಗೆ ನಿಲ್ಲಬಾರದು, ಇನ್ನೊಂದು ಹೆಜ್ಜೆ ಇಡೋಣ. ಒಂದು ಚದರ ಮೀಟರಿನಿಂದ ಹೊರಡುವ ಶಕ್ತಿ ಉಷ್ಣತೆಯ ನಾಲ್ಕನೆಯ ಘಾತಕ್ಕೆ ತಕ್ಕಂತೆ ಇರುತ್ತದೆ. ಆರಿದ್ರಾದ ಉಷ್ಣತೆ ಸೂರ್ಯನದಕ್ಕೆ ಹೋಲಿಸಿದರೆ 0.6 ಪಾಲು. ನಾಲ್ಕು ಸಲ ಗುಣಿಸಿದರೆ 0.13. ಅಂದರೆ ಆರಿದ್ರಾದ ಒಂದೊಂದು ಚದರ ಮೀಟರು ಸೂರ್ಯನ ಎಂಟನೆಯ ಒಂದು ಪಾಲು ಮಾತ್ರ ಬೆಳಗುತ್ತದೆ. ಆದರೆ ಅದು ನೂರಾರು ಜ್ಯೋತಿರ್ವರ್ಷ ದೂರದಿಂದಲೂ ನಮಗೆ ಇಷ್ಟು ಚೆನ್ನಾಗಿ ಕಾಣುತ್ತದೆ. ಒಟ್ಟು ಬೆಳಕು ಸೂರ್ಯನ ಸುಮಾರು ಒಂದು ಲಕ್ಷ ಪಟ್ಟು. ಮಂಕಾದ ಮೈಯಿಂದ ಇಷ್ಟೊಂದು ಬೆಳಕು ಬರಬೇಕಾದರೆ ಆ ಮೈ ಭಾರಿ ದೊಡ್ಡದಿರಲೇಬೇಕು. ಲೆಕ್ಕ ಹಾಕಿದರೆ ಅಗಲ ಸೂರ್ಯನ ನೂರಾರು ಪಟ್ಟು ಬರುತ್ತದೆ. ಸೂರ್ಯನ ಜಾಗದಲ್ಲಿ ಅದನ್ನು ತಂದಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ಎಲ್ಲವೂ ಅದರ ಹೊಟ್ಟೆಯೊಳಗೆ. 2019ರ ಕೊನೆಯಿಂದ 2020ರ ಫೆಬ್ರುವರಿಯವರೆಗೆ ಈ ಆರಿದ್ರಾ ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿತ್ತು. ಅದು ತಾನೇ ಹೊರಚೆಲ್ಲಿದ ದೂಳು ಬೆಳಕಿಗೆ ಅಡ್ಡ ಬಂದಿತ್ತೆಂದು ಆಮೇಲೆ ತಿಳಿಯಿತು. ಮನೆಯ ಅಂಗಳದಲ್ಲಿ ನಿಂತು ನೋಡಬಹುದಾಗಿದ್ದ ದೊಡ್ಡ ಘಟನೆ ಅದು.

ನಕ್ಷತ್ರದ ಕಾವು ತಿಳಿಯಿತು, ಗಾತ್ರ ತಿಳಿಯಿತು. ಅದು ಯಾವುದರಿಂದ ಆಗಿದೆ? ಫ್ರಾನ್ಸಿನ ತತ್ತ್ವಜ್ಞಾನಿ ಓಗ್ಯೂಸ್ತ್ ಕಾಂತ್ 1835ರಲ್ಲಿ, ನಕ್ಷತ್ರಗಳ ರಾಸಾಯನಿಕ ಸ್ವರೂಪವನ್ನು ಮನುಷ್ಯ ಎಂದೂ ತಿಳಿಯಲಾರ ಎಂದು ಬರೆದ. ಇಪ್ಪತ್ತೈದು ವರ್ಷದೊಳಗೆ ಜರ್ಮನಿಯ ವಿಜ್ಞಾನಿಗಳಾದ ಕಿರ್ಕಾಫ್ ಮತ್ತು ಬುನ್ಸೆನ್ ಆ ಮಾತನ್ನು ಸುಳ್ಳು ಮಾಡಿದರು. ಒಲೆಯ ನೀಲಿ ಉರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಉರಿ ಹಳದಿಯಾಗುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ಕಂಡಿದ್ದೀರಿ. ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂನದು. ಪಟ್ಟಕದಲ್ಲಿ ಹಾಯಿಸಿ ನೋಡಿದರೆ 589 ನ್ಯಾನೋಮೀಟರಿನ ಹತ್ತಿರ ಹೊಳೆಯುವ ಜೋಡಿ ಗೆರೆ. ಪ್ರತಿಯೊಂದು ಮೂಲವಸ್ತುವಿಗೂ ಅದರದ್ದೇ ಗೆರೆಗಳಿವೆ, ಒಂದರ ಗೆರೆ ಇನ್ನೊಂದಕ್ಕಿಲ್ಲ.

ಈ ಹೊಸ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ನಾಡಿನಲ್ಲಿ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಅದರ ನೆರಳು ಪಶ್ಚಿಮ ಕರಾವಳಿಯಿಂದ ಒಳಬಂದು ಬೆಳಗಾವಿ, ವಿಜಯಪುರ ಸೀಮೆಯನ್ನು ದಾಟಿ ಗುಂಟೂರು, ಮಚಲಿಪಟ್ಟಣದ ಕಡೆ ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಕಾದು ಕೂತಿದ್ದರೆ, ವಿಜಯಪುರದ ಕಡೆ ಜರ್ಮನ್ ಖಗೋಳಜ್ಞರ ತಂಡ ಬಿಡಾರ ಹೂಡಿತ್ತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಹೂಡಿ ನಿಂತಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ ಅವರು. ಆಗಸ್ಟ್ ಎಂದರೆ ಮಳೆಗಾಲ, ಮೋಡಗಳು ಬಂದು ಹೋಗಿ ಅವರನ್ನು ಬಹಳ ಕಾಡಿದವು. ಆದರೂ ಮೋಡ ಸರಿದ ಕೆಲವು ಗಳಿಗೆಯಲ್ಲಿ ಸೂರ್ಯನ ಅಂಚಿನ ಕೆಂಪು ಜ್ವಾಲೆಯ ಮೇಲೆ ಅವರು ಉಪಕರಣವನ್ನು ಹಿಡಿದರು. ಬಣ್ಣಗಳ ಹರಿದ ಪಟ್ಟಿ ಕಾಣಲಿಲ್ಲ. ಕೆಂಪು, ಕಿತ್ತಳೆ, ನೀಲಿ ಮೂರು ಹೊಳೆಯುವ ಗೆರೆಗಳು ಕಂಡವು. ಹೊಳೆಯುವ ಗೆರೆ ಕೊಡುವುದು ಕಾದ ಅನಿಲ. ಹಾಗಾಗಿ ಆ ಜ್ವಾಲೆಗಳು ಅನಿಲದವೇ ಎಂಬುದು ಜಮಖಂಡಿಯಲ್ಲೂ ಗುಂಟೂರಿನಲ್ಲೂ ಒಂದೇ ದಿನ ಖಚಿತವಾಯಿತು.

ಆ ಕಿತ್ತಳೆ ಗೆರೆಯದ್ದೇ ಮುಂದಿನ ಕಥೆ. ಅದು ಸೋಡಿಯಂನ ಹತ್ತಿರ ಇತ್ತು, ಆದರೆ ಸೋಡಿಯಂನದಾಗಿರಲಿಲ್ಲ. ಅಳತೆ 587.6 ನ್ಯಾನೋಮೀಟರು, ಒಂದೂವರೆಯಷ್ಟು ವ್ಯತ್ಯಾಸ. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಖಗೋಳಜ್ಞ ಲಾಕ್ಯರ್ ಗ್ರಹಣವಿಲ್ಲದೆಯೇ ಆ ಗೆರೆಯನ್ನು ಅಳೆದರು. ಭೂಮಿಯ ಮೇಲಿನ ಯಾವ ಮೂಲವಸ್ತುವಿಗೂ ಅದು ಹೊಂದಲಿಲ್ಲ. ಸೂರ್ಯನ ಗ್ರೀಕ್ ಹೆಸರು ಹಿಡಿದು ಅದಕ್ಕೆ ಹೀಲಿಯಂ ಎಂದರು. ಭೂಮಿಯ ಮೇಲೆ ಹೀಲಿಯಂ ಸಿಕ್ಕಿದ್ದು 1895ರಲ್ಲಿ, ರಾಮ್ಸೆ ಎಂಬ ರಸಾಯನಶಾಸ್ತ್ರಜ್ಞನ ಕೈಗೆ, ಒಂದು ಯುರೇನಿಯಂ ಖನಿಜದೊಳಗೆ. ಇಪ್ಪತ್ತೇಳು ವರ್ಷ ಮನುಷ್ಯನಿಗೆ ಗೊತ್ತಿದ್ದದ್ದು ಸೂರ್ಯನ ಹೀಲಿಯಂ ಮಾತ್ರ. ನಮ್ಮ ಜಮಖಂಡಿ ಆ ಕಥೆಯಲ್ಲಿದೆ ಎಂಬುದನ್ನು ಉತ್ತರ ಕರ್ನಾಟಕದ ಪ್ರತಿಯೊಂದು ಶಾಲೆಯ ಮಕ್ಕಳೂ ತಿಳಿದಿರಬೇಕು.

ಯಾವ ಕಾವಿನಲ್ಲಿ ಯಾವ ಮೂಲವಸ್ತುವಿನ ಗೆರೆ ಎಷ್ಟು ಗಾಢವಾಗಿ ಬರುತ್ತದೆ ಎಂಬುದಕ್ಕೆ ಸಮೀಕರಣ ಕೊಟ್ಟವರು ನಮ್ಮ ದೇಶದ ಮೇಘನಾದ ಸಾಹಾ, 1920ರಲ್ಲಿ. ಅದನ್ನು ಬಳಸಿಯೇ ಸಿಸಿಲಿಯಾ ಪೇನ್ ಎಂಬ ಯುವತಿ 1925ರಲ್ಲಿ ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಜಲಜನಕ ಎಂದು ತೋರಿಸಿದರು. ನಮ್ಮಲ್ಲಿ ನಡೆದ ಇನ್ನೊಂದು ದೊಡ್ಡ ಗ್ರಹಣ 1980ರ ಫೆಬ್ರುವರಿ 16ರದು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಹೂಡಿದರು. ಅಂದು ಬಹಳ ಮನೆಗಳಲ್ಲಿ ಬಾಗಿಲು ಮುಚ್ಚಿಕೊಂಡು ಕೂತಿದ್ದರು. ಅದೇ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಕಟ್ಟಿದ ಉಪಕರಣ ಈಗ ಆದಿತ್ಯ ಎಲ್-1 ನೌಕೆಯಲ್ಲಿದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆ ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿ ನಿಂತು, ಸೂರ್ಯನ ಬಿಂಬವನ್ನು ಒಂದು ತಟ್ಟೆಯಿಂದ ಮರೆಮಾಡಿ, ದಿನವೂ ಗ್ರಹಣ ಮಾಡಿಕೊಂಡು ನೋಡುತ್ತಿದೆ.

ಈಗ ಹೊಲಕ್ಕೆ ಬರೋಣ. ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಒಂದು ಚದರ ಮೀಟರು ನೆಲದ ಮೇಲೆ ಸುಮಾರು 1000 ವ್ಯಾಟ್ ಶಕ್ತಿ ಬೀಳುತ್ತದೆ. ಒಂದು ಎಕರೆಗೆ 4047 ಚದರ ಮೀಟರು. ಗುಣಿಸಿದರೆ 40 ಲಕ್ಷ ವ್ಯಾಟ್. ಐದು ಎಚ್.ಪಿ. ಪಂಪ್‌ಸೆಟ್ಟಿಗೆ ಬೇಕಾಗುವುದು ಹೆಚ್ಚು ಕಡಿಮೆ 3700 ವ್ಯಾಟ್. ಭಾಗಿಸಿ ನೋಡಿರಿ, ಒಂದು ಎಕರೆ ಹೊಲದ ಮೇಲೆ ಬೀಳುವ ಬಿಸಿಲಿನಲ್ಲಿ ಸಾವಿರಕ್ಕೂ ಮೇಲ್ಪಟ್ಟು ಪಂಪ್‌ಸೆಟ್ಟುಗಳ ಶಕ್ತಿ ಇದೆ.

ಗಾಳಿಯ ಹೊದಿಕೆಯ ಆಚೆ ಅದೇ ಚದರ ಮೀಟರಿಗೆ 1361 ವ್ಯಾಟ್. ಸೂರ್ಯನ ಸುತ್ತ, ಭೂಮಿಯಷ್ಟು ದೂರದಲ್ಲಿ, ಒಂದು ದೊಡ್ಡ ಗೋಳವನ್ನು ಊಹಿಸಿಕೊಂಡು ಅದರ ಎಲ್ಲ ಚದರ ಮೀಟರುಗಳ ಮೇಲೂ ಇಷ್ಟೇ ಬೀಳುತ್ತದೆಂದು ಗುಣಿಸಿದರೆ ಸೂರ್ಯನ ಒಟ್ಟು ಶಕ್ತಿ ಸಿಗುತ್ತದೆ. 383 ಬರೆದು ಮುಂದೆ ಇಪ್ಪತ್ತನಾಲ್ಕು ಸೊನ್ನೆ ಹಾಕಿರಿ, ಅಷ್ಟು ವ್ಯಾಟ್. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳನ್ನು ಕಂಗೆಡಿಸಿದ ಸಂಖ್ಯೆ ಇದು. ಕಲ್ಲಿದ್ದಲು ಉರಿಸಿ ಇಷ್ಟು ಶಕ್ತಿ ಕೊಡುವುದಾದರೆ ಸೂರ್ಯ ಕೆಲವೇ ಸಾವಿರ ವರ್ಷದಲ್ಲಿ ಮುಗಿದುಹೋಗಬೇಕಿತ್ತು. ಕುಗ್ಗುತ್ತ ಶಕ್ತಿ ಕೊಡುತ್ತಾನೆಂದು ಲಾರ್ಡ್ ಕೆಲ್ವಿನ್ ಹೇಳಿದರೂ ಕೆಲವು ಕೋಟಿ ವರ್ಷಕ್ಕೇ ಲೆಕ್ಕ ನಿಲ್ಲುತ್ತಿತ್ತು.

ಈ ಒಗಟನ್ನು ಬಿಡಿಸಿದ್ದು ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸಮೀಕರಣ. ಶಕ್ತಿ ಎಂದರೆ ದ್ರವ್ಯರಾಶಿಯನ್ನು ಬೆಳಕಿನ ವೇಗದಿಂದ ಎರಡು ಸಲ ಗುಣಿಸಿದಷ್ಟು. ಸೂರ್ಯನ ಒಟ್ಟು ಶಕ್ತಿಯನ್ನು ಬೆಳಕಿನ ವೇಗದಿಂದ ಎರಡು ಸಲ ಭಾಗಿಸಿದರೆ ಸೆಕೆಂಡಿಗೆ ಸುಮಾರು 42 ಲಕ್ಷ ಟನ್ ಬರುತ್ತದೆ. ಪ್ರತಿ ಸೆಕೆಂಡಿಗೂ ಸೂರ್ಯ ಅಷ್ಟು ತೂಕ ಕಳೆದುಕೊಳ್ಳುತ್ತಿದ್ದಾನೆ. ಅವನ ಒಡಲಿನಲ್ಲಿ ನಾಲ್ಕು ಜಲಜನಕ ಕೂಡಿ ಒಂದು ಹೀಲಿಯಂ ಆಗುತ್ತದೆ. ಕೂಡುವಾಗ ನೂರರಲ್ಲಿ 0.7 ಪಾಲು ತೂಕ ಕಡಿಮೆಯಾಗುತ್ತದೆ. ಆ ಕಳೆದ ತೂಕವೇ ನಮ್ಮ ಹೊಲದ ಬಿಸಿಲು, ಆ ಬಿಸಿಲಿನಿಂದ ಎದ್ದ ಮಳೆಮೋಡ, ಜೋಳದ ತೆನೆಯೊಳಗಿನ ಕಾಳು. ಸೂರ್ಯ ಹೀಗೆ ಬೆಳಗುತ್ತ 460 ಕೋಟಿ ವರ್ಷವಾಯಿತು.

ಕೊನೆಗೆ ಶಾಲೆಯ ಮೇಷ್ಟ್ರುಗಳಿಗೆ, ಅಕ್ಕೋರುಗಳಿಗೆ ಒಂದು ಬೇಡಿಕೆ. ಅಬಲೂರೂ ಜಮಖಂಡಿಯೂ ನಕ್ಷೆಯಲ್ಲಿ ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿವೆ. ಅಬಲೂರು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದ ಹತ್ತಿರ, ಜಮಖಂಡಿ ಹದಿನಾರೂವರೆ. ಬರುವ ಮಾರ್ಚ್ 21ರಂದು ಎರಡೂ ಊರಿನ ಶಾಲೆಯ ಅಂಗಳದಲ್ಲಿ ಸರಿಯಾಗಿ ಒಂದು ಮೀಟರು ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ತೂಗುಗುಂಡು ಹಿಡಿದು ನೆಟ್ಟಗಿರುವುದನ್ನು ಖಾತ್ರಿ ಮಾಡಿಕೊಳ್ಳಿರಿ. ಹನ್ನೆರಡು ಗಂಟೆಗೇ ಅಳೆಯಲು ಹೋಗಬೇಡಿರಿ, ನಮ್ಮ ಸೀಮೆಯಲ್ಲಿ ಅಂದು ಸೂರ್ಯ ನಡುನೆತ್ತಿಯ ಸಾಲಿಗೆ ಬರುವುದು ಗಡಿಯಾರದಲ್ಲಿ ಹನ್ನೆರಡೂವರೆ ದಾಟಿದ ಮೇಲೆ. ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುತ್ತ ಹೋಗಿ, ಅತಿ ಗಿಡ್ಡ ನೆರಳನ್ನು ತೆಗೆದುಕೊಳ್ಳಿರಿ. ಅಬಲೂರಿನಲ್ಲಿ ಅದು ಸುಮಾರು 26 ಸೆಂಟಿಮೀಟರು ಬರುತ್ತದೆ, ಜಮಖಂಡಿಯಲ್ಲಿ ಸುಮಾರು 30. ಭೂಮಿ ಚಪ್ಪಟೆಯಾಗಿದ್ದರೆ ಎರಡೂ ಒಂದೇ ಇರಬೇಕಿತ್ತು. ನೆರಳಿನಿಂದ ಕೋನ ತೆಗೆಯುವುದು ಹತ್ತನೆಯ ತರಗತಿಯ ತ್ರಿಕೋನಮಿತಿ. ಎರಡು ಕೋನಗಳ ವ್ಯತ್ಯಾಸ ಎರಡು ಡಿಗ್ರಿಯಷ್ಟು. ಎರಡೂ ಊರುಗಳ ನಡುವೆ ದಕ್ಷಿಣೋತ್ತರವಾಗಿ ಇರುವ ನೇರ ದೂರವನ್ನು, ಅಂದರೆ ಸುಮಾರು 228 ಕಿಲೋಮೀಟರನ್ನು, 360ರಿಂದ ಗುಣಿಸಿ ಆ ವ್ಯತ್ಯಾಸದಿಂದ ಭಾಗಿಸಿರಿ. ಇಡೀ ಭೂಮಿಯ ಸುತ್ತಳತೆ ನಿಮ್ಮ ಕೈಗೆ ಬರುತ್ತದೆ, 40,000 ಕಿಲೋಮೀಟರಿನ ಆಸುಪಾಸು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ಥೆನೀಸ್ ಹಾಕಿದ ಲೆಕ್ಕ ಇದೇ.

ಇದಕ್ಕೆ ಬೇಕಾಗುವುದು ಒಂದು ಕೋಲು, ಒಂದು ಅಳತೆ ಟೇಪು, ಜಮಖಂಡಿಯ ಶಾಲೆಗೊಂದು ಫೋನ್ ಕರೆ. ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣ ರಾವ್ ಅವರು ಕನ್ನಡದಲ್ಲಿ ಬರೆದ ಖಗೋಳದ ಪುಸ್ತಕಗಳನ್ನೂ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯನ್ನೂ ಶಾಲೆಯ ಗ್ರಂಥಾಲಯದ ಕಪಾಟಿನಿಂದ ಹೊರತೆಗೆದು ಮಕ್ಕಳ ಕೈಗೆ ಕೊಡಿರಿ. ಮಾರ್ಚ್ 21 ಪರೀಕ್ಷೆಯ ಹೊತ್ತು ಎನ್ನುವುದಾದರೆ ಸೆಪ್ಟೆಂಬರ್ 23 ಇದೆ, ಅಂದೂ ನೆರಳು ಅಷ್ಟೇ ಬರುತ್ತದೆ. ಎರಡರಲ್ಲಿ ಒಂದು ದಿನ ಈ ಕೆಲಸವನ್ನು ತಪ್ಪದೆ ಮಾಡಿಸಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.